ಮೊದಲ ಪುಟದ ಬೊಟ್ಟು

೧೪ ಫೆಬ್ರುವರಿ ೧೯೮೧, ಶನಿವಾರ. ಸವಣೂರು

ಬೆಳಗಿನ ಬಸ್ಸಿಗೆ ಅಕ್ಕ ಹಾನಗಲ್ಲಿಗೆ ಹೊರಟುಹೋದಳು. ತುಳಸಾಳ ವೈಕುಂಠ ಸಮಾರಾಧನೆಗೆ ಬಂದವರಲ್ಲಿ ಅವಳೊಬ್ಬಳೇ ಇಷ್ಟು ದಿನ ಉಳಿದಿದ್ದಳು. ಈಗ ಮನೆಯಲ್ಲಿ ನಾನು, ದೇವರು, ಮತ್ತು ತುಳಸಾ ಹಾಕಿಟ್ಟು ಹೋದ ಒಂದು ಭರಣಿ ಉಪ್ಪಿನಕಾಯಿ.

ಆ ಭರಣಿ ಇಳಿಸಲು ಹೋದಾಗ ಅದರ ಹಿಂದೆ ಒಂದು ಪುಸ್ತಕ ಸಿಕ್ಕಿತು. ಹಾಡಿನ ಪುಸ್ತಕ ಇರಬೇಕು ಅಂದುಕೊಂಡೆ. ಹೆಸರು ಓದಲು ಚಸ್ಮಾ ಬೇಕಾಯಿತು. ಪಡಸಾಲೆ, ದೇವರ ಮನೆ, ಹಿತ್ತಲು ಎಲ್ಲ ಹುಡುಕಿದೆ. ಹಣೆಯ ಮೇಲೇ ಇತ್ತು. ಹಿಂದೆ ಹೀಗಾದಾಗಲೆಲ್ಲ ಅಡುಗೆಮನೆಯಿಂದ ನಗು ಕೇಳಿಸುತ್ತಿತ್ತು. ಇವತ್ತು ನಾನೇ ಕಳೆದುಕೊಂಡೆ, ನಾನೇ ಹುಡುಕಿದೆ, ಯಾರೂ ನಗಲಿಲ್ಲ.

ಹಾಡಿನ ಪುಸ್ತಕವಲ್ಲ, ಕಾದಂಬರಿ. ರಟ್ಟಿನ ಮೇಲೆ ಉದ್ದ ಜಡೆಯ ಹುಡುಗಿ, ಅವಳ ಹಿಂದೆ ಒಂದು ಕಾರು, ಕಾರಿಗೆ ಒರಗಿ ನಿಂತ ಗುಂಗುರು ಕೂದಲಿನ ಗಂಡಸು. ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಕೈ ಇದು. ಒಳಗೆ ಬಸ್‌ಸ್ಟ್ಯಾಂಡಿನ ಕುಬೇರಪ್ಪನ ಸರ್ಕ್ಯುಲೇಟಿಂಗ್ ಲೈಬ್ರರಿಯ ಮುದ್ರೆ.

ಇಂಥ ಅಡಗೂಲಜ್ಜಿ ಕಥೆ ನನ್ನ ಮನೆಯಲ್ಲಿ, ಅದೂ ಉಪ್ಪಿನಕಾಯಿಯ ಹಿಂದೆ! ಇಷ್ಟು ವರ್ಷ ಸಂಸಾರ ಮಾಡಿದೆವು. ಮಕ್ಕಳಾಗಲಿಲ್ಲ ಎಂಬುದೊಂದು ಬಿಟ್ಟರೆ ಜಗಳವಿಲ್ಲ, ಗದ್ದಲವಿಲ್ಲ. ಕಾರಿಗೆ ಒರಗಿ ನಿಂತವನನ್ನು ಕದ್ದು ಓದಬೇಕಾದರೆ ನನ್ನ ಮನೆಯಲ್ಲಿ ಅವಳಿಗೆ ಏನು ಕಡಿಮೆಯಾಗಿತ್ತು? ಕೇಳೋಣವೆಂದರೆ ಜ್ವರ ಅಂತ ಮಲಗಿದವಳು ಏಳಲೇ ಇಲ್ಲ.

೧೬ ಫೆಬ್ರುವರಿ, ಸೋಮವಾರ

ಶಾಲೆ ಬಿಟ್ಟ ಮೇಲೆ ಪುಸ್ತಕ ಮರಳಿಸಲು ಹೋದೆ. ಹಳೇ ಪಂಚಾಂಗದ ರಟ್ಟು ಸುತ್ತಿಕೊಂಡು ಹೋಗಿದ್ದೆ. ಕುಬೇರಪ್ಪ ಎದ್ದು ನಿಂತು ಕೈ ಮುಗಿದ.

“ತುಳಸಾ ಅಕ್ಕಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತರಿ ಮಾಸ್ತರ್ರ. ಅವರ ಹೆಸರಿಲೆ ಭಾಳ ವರ್ಷದಿಂದ ಪುಸ್ತಕ ಹೋಗ್ತಿದ್ವು.”

ನಾನು ಹೂಂ ಅಂದೆ. ನಾಲ್ಕು ಜನ ಕೇಳುವ ಹಾಗೆ ಈ ವಿಷಯ ಮಾತಾಡುವುದು ನನಗೆ ಬೇಕಿರಲಿಲ್ಲ. ಅವನು ಪುಸ್ತಕ ಬಿಚ್ಚಿ ಮುದ್ರೆ ನೋಡುವಾಗ ಮೊದಲ ಪುಟದ ಮೂಲೆಯಲ್ಲಿ ಒಂದು ಕೆಂಪು ಬೊಟ್ಟು ಕಂಡಿತು, ಮಾಸಿದ್ದು, ಕಿರುಬೆರಳಿನ ತುದಿಯಷ್ಟು. ನಮ್ಮ ಮನೆಯ ಕನ್ನಡಿಯ ಪಕ್ಕದ ಗೋಡೆ ಇಂಥ ಬೊಟ್ಟುಗಳಿಂದಲೇ ತುಂಬಿದೆ. ತುಳಸಾ ಹಣೆಗೆ ಹಚ್ಚಿಕೊಂಡು ಬೆರಳಿಗೆ ಉಳಿದ ಕುಂಕುಮವನ್ನು ಗೋಡೆಗೆ ಒರೆಸುತ್ತಿದ್ದಳು. ನಾನು ಎಷ್ಟು ಬೈದರೂ ಬಿಡಲಿಲ್ಲ.

“ಏನಿದು ಬೊಟ್ಟು?” ಅಂದೆ.

“ಒಮ್ಮೆ ಒಯ್ದ ಪುಸ್ತಕ ಮತ್ತ ಒಯ್ಯಬಾರದಂತ ಹೆಣ್ಣಮಕ್ಕಳು ಗುರ್ತು ಇಡತಾರ್ರಿ. ಒಬ್ಬಾಕಿ ಪುಟ ಮಡಚತಾಳ, ಒಬ್ಬಾಕಿ ಪೆನ್ಸಿಲ್ ಗೀರತಾಳ. ಬ್ಯಾಡಂದ್ರ ಕೇಳಂಗಿಲ್ಲ.”

ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡೆ. ಇನ್ನೆರಡು ದಿನ ಇರಲಿ ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ, ಪುಣ್ಯಾತ್ಮ.

೧೭ ಫೆಬ್ರುವರಿ, ಮಂಗಳವಾರ

ಮೂರು ಅಧ್ಯಾಯ ಓದಿದೆ. ಓದಿದೆ ಅನ್ನುವುದು ತಪ್ಪು, ಪರೀಕ್ಷಿಸಿದೆ. ನಾಯಕಿ ಪುಟಕ್ಕೊಮ್ಮೆ ಕೆಂಪಾಗುತ್ತಾಳೆ. ವೈದ್ಯರಿಗೆ ತೋರಿಸಬೇಕು.

೨೨ ಫೆಬ್ರುವರಿ, ಭಾನುವಾರ

ಪುಸ್ತಕ ಮುಗಿಯಿತು. ಕಾರಿನವನು ಒಳ್ಳೆಯವನೇ. ಆದರೆ ಅರ್ಧ ಪುಸ್ತಕ ಅವಳಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾದ ಮೇಲೆ ಅವನಿಗೆ ಹೇಳುವುದಿಲ್ಲ. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಇನ್ನೂರು ಪುಟ. ಭಾಷೆಯಂತೂ ದೇವರಿಗೇ ಪ್ರೀತಿ.

ಮರಳಿಸಲು ಹೋದವನು ಕಪಾಟಿನಲ್ಲಿ ಬೊಟ್ಟು ಇರುವ ಇನ್ನೊಂದನ್ನು ಹುಡುಕಿ ತಂದೆ. ಅವಳು ಇದರಲ್ಲಿ ಏನು ಕಂಡಳು ಎಂಬುದು ಒಂದರಿಂದ ತಿಳಿಯುವಂಥದ್ದಲ್ಲ.

೯ ಮಾರ್ಚ್, ಸೋಮವಾರ

ಸಾರಿಗೆ ಉಪ್ಪು ಹಾಕುವುದು ಮರೆತೆ. ಅಡುಗೆ ಮಾಡುತ್ತ ಓದಬಾರದು. ಒಮ್ಮೆ ತುಳಸಾಗೆ ಜ್ವರ ಬಂದಾಗ ನಾನು ಸಾರು ಮಾಡಿದ್ದೆ, ಆಗಲೂ ಉಪ್ಪು ಮರೆತಿದ್ದೆ. ಅವಳು ಚೆನ್ನಾಗಿದೆ ಅಂತ ಹೇಳಿ ಉಂಡಿದ್ದಳು. ನಾನು ಉಂಡಾಗಲೇ ಗೊತ್ತಾದದ್ದು.

ಬೊಟ್ಟಿನ ಪುಸ್ತಕಗಳು ಬಹಳ ಇವೆ. ಕುಬೇರಪ್ಪ ಈಗ ನಾನು ಹೋದರೆ ಸುಮ್ಮನೆ ಸ್ಟೂಲು ಸರಿಸಿಕೊಡುತ್ತಾನೆ. ಶಾಲೆಯ ಇಬ್ಬರು ಮಾಸ್ತರರು ಅಲ್ಲಿ ಸಿಕ್ಕರು. ಪಂಚಾಂಗದ ರಟ್ಟು ನೋಡಿ ಮುಹೂರ್ತ ಕೇಳಿದರು. ಹೇಳಿ ಕಳಿಸಿದೆ.

೨೧ ಮಾರ್ಚ್, ಶನಿವಾರ

ಅನ್ಯಾಯ! ಕೊನೆಯ ಪುಟಗಳನ್ನು ಯಾರೋ ಹರಿದಿದ್ದಾರೆ. ಹುಡುಗ ರೈಲು ಹತ್ತಿದ್ದಾನೆ, ಹುಡುಗಿ ಸ್ಟೇಶನ್ನಿಗೆ ಜಟಕಾದಲ್ಲಿ ಬರುತ್ತಿದ್ದಾಳೆ, ಶಿಳ್ಳೆ ಆಯಿತು, ಮುಂದೆ ರಟ್ಟು. ಸಿಟ್ಟಿನಿಂದ ಲೈಬ್ರರಿಗೆ ಹೋದೆ.

“ಅಕಿ ಸ್ಟೇಶನ್ ಮುಟ್ಟಿದ್ಲೋ ಇಲ್ಲೋ?” ಅಂದೆ.

“ಮುಟ್ಟತಾಳ್ರಿ ಮಾಸ್ತರ್ರ.”

“ನೀ ಓದೀಯೇನು?”

“ಇಲ್ರಿ. ಆದ್ರ ಮದಿವಿ ಆಗೇ ಆಗ್ತೈತ್ರಿ. ಎಲ್ಲಾದರಾಗೂ ಆಗ್ತೈತಿ. ಆಗದಿದ್ರ ಯಾರ್ ಒಯ್ತಾರ್ರಿ?”

ಮನೆಗೆ ಬರುತ್ತ ಅದನ್ನೇ ಯೋಚಿಸಿದೆ. ನಾನು ಕಲಿಸುವ ಕಾವ್ಯಗಳಲ್ಲಿ ವಿರಹಕ್ಕೆ ಸರ್ಗಗಟ್ಟಲೆ ಜಾಗ, ಸೇರುವುದಕ್ಕೆ ಎರಡು ಶ್ಲೋಕ. ಈ ಪುಸ್ತಕಗಳಲ್ಲಿ ಮಳೆ ಬಂದರೆ ಇಬ್ಬರನ್ನೂ ಒಂದು ಚಾವಣಿಯ ಕೆಳಗೆ ನಿಲ್ಲಿಸಲೆಂದೇ ಬರುತ್ತದೆ. ಒಬ್ಬರು ಚಹ ಮಾಡಿದರೆ ಇನ್ನೊಬ್ಬರು ಕುಡಿಯಲು ಇರುತ್ತಾರೆ. ಜ್ವರ ಬಂದರೆ ಇಳಿಯುತ್ತದೆ. ನಾನು ಓದಿದ ಅಷ್ಟೂ ಪುಸ್ತಕಗಳಲ್ಲಿ ಒಬ್ಬಳ ಜ್ವರವಾದರೂ ಇಳಿಯದೆ ಹೋಗಿಲ್ಲ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದೂ ಜನ ಯಾಕೆ ಓದುತ್ತಾರೆ ಎಂದು ನಾನು ತುಳಸಾಗೆ ಕೇಳಿದ್ದರೆ, ಗೊತ್ತಿರುವುದಕ್ಕೇ ಓದುತ್ತಾರೆ ಅನ್ನುತ್ತಿದ್ದಳೇನೋ. ಗೊತ್ತಿದ್ದರೆ ಹೆದರಿಕೆಯಿಲ್ಲದೆ ಕಾಯಬಹುದು.

ಅವಳಿಗೆ ಏನು ಹೆದರಿಕೆಯಿತ್ತು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ.

೫ ಏಪ್ರಿಲ್, ಭಾನುವಾರ. ಯುಗಾದಿ

ನಮಗೆ ಈ ವರ್ಷ ಹಬ್ಬವಿಲ್ಲ. ಓಣಿಯಲ್ಲಿ ಎಲ್ಲರ ಬಾಗಿಲಿಗೂ ತೋರಣ, ಎಲ್ಲರ ಮನೆಯಿಂದಲೂ ಹೂರಣದ ವಾಸನೆ. ಬಾಗಿಲು ಮುಚ್ಚಿಕೊಂಡು ಕುಳಿತೆ. ಅಳು ಬಂತು. ಮುಚ್ಚುಮರೆ ಏಕೆ, ಇದನ್ನು ಯಾರು ಓದುತ್ತಾರೆ? ಬಹಳ ಹೊತ್ತು ಅತ್ತೆ.

ಮಧ್ಯಾಹ್ನ ಹಿತ್ತಲಿಗೆ ಹೋದಾಗ ಪಕ್ಕದ ಮನೆಯ ವೀರವ್ವ ಗೋಡೆಯ ಆಚೆ ನಿಂತಿದ್ದಳು. ಎಲೆಬಳ್ಳಿ ತೋಟದ ಮನೆಯವಳು, ಗಂಡ ಹೋಗಿ ಕಾಲವಾಯಿತು, ಬಾಯಲ್ಲಿ ಯಾವಾಗಲೂ ಎಲೆ-ಅಡಿಕೆ. ಎದೆಮಟ್ಟದ ಆ ಗೋಡೆಯ ಮೇಲೆ ಒಂದು ಕಟ್ಟು ವೀಳ್ಯದೆಲೆ, ನಾಲ್ಕು ಬಾಳೆಹಣ್ಣು ಇಟ್ಟಳು. ಅವರ ಮನೆಯಲ್ಲಿ ಬೇಯಿಸಿದ್ದನ್ನು ನಾವು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು.

“ಹಬ್ಬದ ದಿನ ಬಾಯಿ ಬರಿದು ಇರಬಾರದ್ರಿ. ತಗೋರಿ. ಮತ್ತ, ಮಾಸ್ತರ್ರ, ಒಂದು ಮಾತು…”

ಕಣ್ಣು ಕೆಂಪಾಗಿತ್ತಲ್ಲ, ಸಮಾಧಾನ ಹೇಳಲು ಬರುತ್ತಾಳೆ ಅನಿಸಿತು. ಆಮೇಲೆ ಮಾತಾಡೋಣ ಅಂತ ಹಣ್ಣು ತೆಗೆದುಕೊಂಡು ಒಳಗೆ ಬಂದೆ. ಬರುವಾಗ ಗೋಡೆಯ ಬುಡದಲ್ಲಿದ್ದ ಒಡೆದ ಒರಳಕಲ್ಲಿಗೆ ಕಾಲು ಎಡವಿತು. ಬೋರಲು ಹಾಕಿ ಆ ಕಲ್ಲನ್ನು ಅಲ್ಲಿ ಯಾರು ಇಟ್ಟರೋ. ಯಾವಾಗಿನಿಂದ ಇದೆಯೋ.

೨೬ ಏಪ್ರಿಲ್, ಭಾನುವಾರ

ಅಕ್ಕ ಬಂದಿದ್ದಳು. ಬಂದವಳೇ ಅಡುಗೆಮನೆ ನೋಡಿ ಹಣೆ ಬಡಿದುಕೊಂಡಳು.

“ಜಯ್ಯಾ, ಹಿಂಗ ಒಬ್ಬನ ಇದ್ರ ಹುಚ್ಚ ಹಿಡೀತದ ನಿನಗ. ಹಾನಗಲ್ಲಿಗೆ ವರ್ಗಾ ಮಾಡಿಸ್ಕೊ. ನಮ್ಮ ಮನ್ಯಾಗ ಮಹಡಿ ಮ್ಯಾಲ ಖೋಲಿ ಖಾಲಿ ಅದ.”

“ನೋಡೋಣ.”

“ನೋಡೂದೇನದ? ಜೂನ್‌ದಾಗ ಸಾಲಿ ಸುರು ಆಗೂದ್ರೊಳಗ ಬಾ. ಈ ಮನಿ ಬಾಡಿಗಿ ಕೊಡೋಣು. ಮೊದಲ ಸುಣ್ಣಾ ಹೊಡಸಬೇಕು. ಗ್ವಾಡಿ ನೋಡು, ಹೆಂಗಾಗ್ಯದ!”

ಕನ್ನಡಿಯ ಪಕ್ಕದ ಗೋಡೆಯನ್ನು ತೋರಿಸಿ ಹೇಳಿದಳು. ಆಮೇಲೆ ಪಂಚಾಂಗದ ರಟ್ಟು ಎತ್ತಿದಳು. ತಿಥಿ ನೋಡಲಿಕ್ಕೆ. ಒಳಗಿನ ಚಿತ್ರ ನೋಡಿ ನನ್ನ ಮುಖ ನೋಡಿದಳು. ಮತ್ತೆ ಚಿತ್ರ ನೋಡಿದಳು.

“ಏನೋ ಇದು?”

“ತುಳಸಾ ಓದ್ತಿದ್ಲು.”

“ಅಕಿ ಓದ್ತಿದ್ಲು ಸರಿ. ನೀ ಯಾಕ ಓದ್ತೀ?”

ಅಕ್ಕ ಪುಸ್ತಕವನ್ನು ಇದ್ದಲ್ಲೇ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಳುವುದನ್ನು ನೋಡಲಾರದೆ ಬರುತ್ತೇನೆ ಅಂದುಬಿಟ್ಟೆ. ಇಲ್ಲಿ ನನಗೆ ಯಾರಿದ್ದಾರೆ? ಮೇ ಕೊನೆಗೆ ಸುಣ್ಣ ಹೊಡೆಯುವವರನ್ನು ಅಕ್ಕನೇ ಗೊತ್ತುಮಾಡಿ ಕಳಿಸುತ್ತಾಳಂತೆ.

ಬೊಟ್ಟಿನ ಪುಸ್ತಕ ಇನ್ನೊಂದೇ ಉಳಿದಿದೆ. ತಂದಿಟ್ಟುಕೊಂಡಿದ್ದೇನೆ, ಬಿಚ್ಚಿಲ್ಲ. ಮುಗಿದರೆ ಮುಗಿದುಹೋಗುತ್ತದೆ. ಇಷ್ಟು ದಿನ ಒಬ್ಬನೇ ಓದಿದಂತೆ ಅನಿಸಿರಲಿಲ್ಲ. ಅವಳು ನನಗಿಂತ ಒಂದೆರಡು ಪುಟ ಮುಂದೆ ಇದ್ದಾಳೆ, ಆಮೇಲೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು, ಹೇಳುವುದಿಲ್ಲ, ಅಷ್ಟೇ.

೧೮ ಮೇ, ಸೋಮವಾರ

ಹುಬ್ಬಳ್ಳಿಯಿಂದ ಹೊಸ ಪುಸ್ತಕಗಳು ಬಂದಿವೆ ಎಂದು ಕುಬೇರಪ್ಪ ಕರೆದ. ಸುಮ್ಮನೆ ಒಂದನ್ನು ಬಿಚ್ಚಿದೆ. ಮೊದಲ ಪುಟದ ಮೂಲೆಯಲ್ಲಿ ಬೊಟ್ಟು. ಮಾಸಿರಲಿಲ್ಲ. ಕೆಂಪಗೆ ಹೊಸದಾಗಿತ್ತು.

ಪುಟ ತಿರುಗಿಸಿ ನೋಡಿದೆ. ಅಚ್ಚಾದದ್ದು ಈ ಮಾರ್ಚಿನಲ್ಲಿ. ತುಳಸಾ ಹೋದದ್ದು ಜನವರಿಯಲ್ಲಿ.

ಹಾಗಾದರೆ ಇದು ಅವಳ ಬೊಟ್ಟಲ್ಲ. ಒಂದೂ ಅವಳದಲ್ಲ. ಯಾರದೋ ಬೆರಳಿನ ಗುರುತು ಹಿಡಿದುಕೊಂಡು ಈ ಮೂರು ತಿಂಗಳು ಹೆಂಡತಿಯ ಜೊತೆ ಕುಳಿತಿದ್ದೇನೆ ಅಂದುಕೊಂಡೆನಲ್ಲ. ಇಂಗು ತಿಂದ ಮಂಗನ ಹಾಗೆ ಅಲ್ಲೇ ನಿಂತೆ. ಏನೂ ಕೇಳದೆ ಮನೆಗೆ ಬಂದೆ. ಊಟ ಮಾಡಲಿಲ್ಲ.

ಅವಳನ್ನು ಎರಡನೆಯ ಸಲ ಕಳೆದುಕೊಂಡ ಹಾಗಾಗಿದೆ.

೧೯ ಮೇ, ಮಂಗಳವಾರ

ಲೈಬ್ರರಿಗೆ ಹೋಗಿ ಕೇಳಿಯೇಬಿಟ್ಟೆ. ಬೊಟ್ಟು ಇಡುವವರು ಯಾರು?

“ವೀರವ್ವಾರ್ರಿ,” ಅಂದ ಕುಬೇರಪ್ಪ, ಇದೇನು ಕೇಳುವ ಮಾತೇ ಎಂಬಂತೆ. “ನಿಮ್ಮ ಹಿತ್ತಲ ಬಾಜೂಕಿನವರು. ಪುಸ್ತಕ ಒಯ್ಯೂದು ತರೂದು ಅವರ ಮಾಡ್ತಿದ್ರು. ಅಕ್ಕಾರು ಇಲ್ಲೀತನಾ ಎಲ್ಲಿ ಬರ್ತಾರ್ರಿ? ಹೆಸರು ಅಷ್ಟ ಅಕ್ಕಾರದು.”

“ವೀರವ್ವಗ ಓದಾಕ ಬರತದೇನು?”

“ಎಲ್ಲೀದ್ರಿ! ಒಂದಕ್ಷರ ಬರಂಗಿಲ್ಲ.”

ಸೀದಾ ಹಿತ್ತಲಿಗೆ ಬಂದು ಗೋಡೆಯ ಮೇಲಿಂದ ಕೂಗಿದೆ. ವೀರವ್ವ ಎಲೆಗೆ ಸುಣ್ಣ ಕಾಚು ಸವರುತ್ತ ಬಂದಳು. ಬೆರಳ ತುದಿ ಕೆಂಪಾಗಿತ್ತು. ನಾನು ಕುಂಕುಮ ಅಂದುಕೊಂಡದ್ದು ಆ ಕಾಚಿನ ಬಣ್ಣ.

ಯಾಕೆ ಬಂದಿದ್ದೇನೆಂದು ಹೇಳಿದೆ. ಅವಳು ತಪ್ಪು ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿದಳು.

“ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ನೀವು ಸಾಲಿಗೆ ಹೋದಮ್ಯಾಲೆ ಅಕ್ಕಾರು ಆ ಕಲ್ಲಿನ ಮ್ಯಾಲ ಕುಂತು ಓದತಿದ್ರು. ನಾ ಈ ಕಡಿ ಗ್ವಾಡಿಗೆ ಕಿವಿ ಹಚ್ಚಿ ಕೇಳ್ತಿದ್ದೆ. ನನಗ ಅಕ್ಷರ ಬರಂಗಿಲ್ಲ, ಕೇಳಿದ್ದ ಪುಸ್ತಕಾನ ಮತ್ತ ತರಬಾರದಂತ ಎಲಿ ಹಚ್ಚೂ ಬೆರಳಿಲೆ ಒಂದು ಬೊಟ್ಟು ಇಡತಿದ್ದೆ. ನಿಮಗ ಗೊತ್ತಾದ್ರ ನಗ್ತೀರಿ ಅಂತಿದ್ರು ಅಕ್ಕಾರು.”

“ಈ ಹೊಸಾದು?”

“ಅಯ್ಯ, ಅದಾ? ಹೊಸಾವು ಬಂದಾವ ಅಂದ ಕುಬೇರಪ್ಪ. ಹಿಂದಿನಂಗ ತಂದೆ. ಬೊಟ್ಟೂ ಇಟ್ಟೆ. ಇಲ್ಲೀತನಾ ಬಂದು ಅಕ್ಕಾರ ಅಂತ ಕೂಗಿದೆ ನೋಡ್ರಿ. ಕೂಗಿದಮ್ಯಾಲೆ ನೆನಪಾತು.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಹಂಗ ಒಯ್ದು ಕೊಟ್ಟು ಬಂದೆ. ಯುಗಾದಿ ದಿನಾನೂ ನಿಮಗ ಕೇಳಬೇಕಂತಿದ್ದೆ, ಆ ಅರ್ಧಾ ಓದಿದ್ದರಾಗ ಕಡಿಕೆ ಏನಾತಂತ. ಧೈರ್ಯಾ ಸಾಲಲಿಲ್ಲ.”

ಭರಣಿಯ ಹಿಂದಿದ್ದ ಪುಸ್ತಕ ಅದು. ಕಾರಿನವನ ಜೊತೆ ಮದುವೆಯಾಯಿತು ಅಂತ ಹೇಳಿದೆ. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಕೈ ಎತ್ತಿ ಬಸವಣ್ಣನಿಗೆ ನಮಸ್ಕಾರ ಮಾಡಿದಳು.

ಆಗ ಕೇಳಿದೆ. ಇಷ್ಟು ದಿನದಿಂದ ಹೊಟ್ಟೆಯಲ್ಲಿದ್ದದ್ದು.

“ವೀರವ್ವಾರ, ಅಕಿ ಇವನ್ನೆಲ್ಲಾ ಯಾಕ ಓದ್ತಿದ್ಲು? ನನ್ನ ಬಗ್ಗೆ ಏನರ ಬ್ಯಾಸರಾ ಇತ್ತೇನು ಅಕಿಗೆ?”

“ಯಾಕಂದ್ರ? ಚಂದ ಇರ್ತಾವಲ್ರೀ!” ಅಂದಳು ವೀರವ್ವ. “ನಿಮ್ಮ ಬಗ್ಗೆ ಅಕ್ಕಾರು ಮಾತಾಡಿದ್ದ ಇಲ್ಲ. ಗಂಡನ ಸುದ್ದಿ ಹೇಳೋ ಪೈಕಿ ಅಲ್ರೀ ಅವರು.”

ಅಷ್ಟೇ. ಹೇಳಿದ್ದೇ ಇಲ್ಲವಂತೆ. ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ. ಇನ್ನು ಕೇಳಲು ಯಾರೂ ಉಳಿದಿಲ್ಲ.

ಆದರೆ ಅವಳು ಇನ್ನೂ ಗೋಡೆಗೆ ಕೈ ಇಟ್ಟು ನಿಂತೇ ಇದ್ದಳು. ಹೊಸ ಪುಸ್ತಕ ತರುತ್ತೇನೆ, ಒಂದು ಅಧ್ಯಾಯ ಓದುತ್ತೇನೆ ಅಂದುಬಿಟ್ಟೆ. ಒಂದೇ ಅಧ್ಯಾಯ.

೨೧ ಮೇ, ಗುರುವಾರ

ನಿನ್ನೆ ಬರೆಯಲು ಆಗಲಿಲ್ಲ. ನಿನ್ನೆಯದನ್ನೇ ಇವತ್ತು ಬರೆಯುತ್ತೇನೆ.

ಬೇಸಿಗೆ ರಜೆ, ಮಧ್ಯಾಹ್ನ ಓಣಿಯೆಲ್ಲ ಮಲಗಿತ್ತು. ಒರಳಕಲ್ಲಿನ ಮೇಲೆ ಕುಳಿತೆ. ಅಲ್ಲಿಗೆ ನುಗ್ಗೆಗಿಡದ ನೆರಳು ಬೀಳುತ್ತದೆ, ತುಳಸಾ ನೋಡಿಯೇ ಕಲ್ಲು ಇಟ್ಟಿದ್ದಾಳೆ. ಗೋಡೆಯ ಆಚೆ ಅಡಕತ್ತರಿಯ ಸದ್ದು. ತರಗತಿಯಲ್ಲಿ ಓದುವ ಧ್ವನಿಯಲ್ಲೇ ಶುರುಮಾಡಿದೆ. “ಅಷ್ಟು ಜೋರಾಗಿ ಬ್ಯಾಡ್ರಿ, ನಾ ನಾಪಾಸಾದಾಕಿ ಅಲ್ಲ,” ಅಂದಳು ಆಚೆಯಿಂದ. ಧ್ವನಿ ಇಳಿಸಿದೆ.

ಎರಡನೆಯ ಅಧ್ಯಾಯದಲ್ಲಿ ನಾಯಕ ಬಂದ. ಇವನೂ ಎತ್ತರ, ಇವನಿಗೂ ಗುಂಗುರು ಕೂದಲು, ಮೈಸೂರಿನಲ್ಲಿ ಡಾಕ್ಟರು. ಇದ್ದದ್ದು ಇದ್ದಂತೆ ಓದಿದೆ. ಅಡಕತ್ತರಿ ನಿಂತಿತು.

“ಮಾಸ್ತರ್ರ, ಚಸ್ಮಾ ಬಿಟ್ರಿ ನೋಡ್ರಿ.”

“ಯಾವ ಚಸ್ಮಾ?”

“ಆ ಹುಡುಗಂದು. ಎಲ್ಲಾ ಕತಿಯಾಗೂ ಅಂವ ಚಸ್ಮಾ ಹಣಿ ಮ್ಯಾಲ ಇಟಗೊಂಡು ಮನಿತುಂಬ ಹುಡುಕತಾನ, ಆಕಿ ಅಡಗಿಮನ್ಯಾಗ ನಿಂತು ನಗತಾಳ. ಅದು ಬಂದಕೂಡ್ಲೇ ಹಾಂ, ಇಂವನ ಅಂತ ನನಗ ಗೊತ್ತಾಕ್ಕಿತ್ತು. ಮಾತು ಕಡಿಮಿ, ಎಲ್ಲಾದಕ್ಕೂ ಹೂಂ ಅಂತಾನ. ಆಕಿಗೆ ಜ್ವರಾ ಬಂದಾಗ ತಾನ ಸಾರು ಮಾಡ್ತಾನ, ಉಪ್ಪಾ ಹಾಕೂದು ಮರೀತಾನ. ಆಕಿ ಚಲೋ ಆಗೇತಿ ಅಂತ ಉಣತಾಳ.” ವೀರವ್ವ ಒಬ್ಬಳೇ ನಕ್ಕಳು. “ಆ ಉಪ್ಪಿನ ಸುದ್ದಿ ಬಂದಾಗೊಮ್ಮೆ ಅಕ್ಕಾರಿಗೆ ಓದಾಕ ಆಗ್ತಿರಲಿಲ್ಲ ನೋಡ್ರಿ, ನಕ್ಕೋಂತ ಕುಂದರತಿದ್ರು. ಬರೆಯೋರು ಅದನ್ನ ಅದನ್ನ ಯಾಕ ಬರೀತಾರಂತ ನಾ ಕೇಳ್ತಿದ್ದೆ. ಅಂಥಾವರ ಚಲೋ ಇರ್ತಾರ ವೀರವ್ವ, ಅದಕ್ಕ ಬರೀತಾರ ಅಂತಿದ್ರು.”

ಬಿಚ್ಚದೆ ಇಟ್ಟ ಒಂದನ್ನು ಬಿಟ್ಟು ಆ ಪುಸ್ತಕಗಳನ್ನೆಲ್ಲ ನಾನು ಓದಿದ್ದೇನೆ. ಒಂದರಲ್ಲೂ ಚಸ್ಮಾದವನಿಲ್ಲ. ಉಪ್ಪಿಲ್ಲದ ಸಾರು ಯಾವ ಪುಟದಲ್ಲೂ ಇಲ್ಲ.

ನೀರು ಕುಡಿದು ಬರುತ್ತೇನೆ ಅಂತ ಒಳಗೆ ಹೋದೆ. ಕನ್ನಡಿಯ ಮುಂದೆ ನಿಂತೆ. ಚಸ್ಮಾ ಹಣೆಯ ಮೇಲಿತ್ತು. ಗೋಡೆಯ ಮೇಲೆ ಅವಳ ಬೊಟ್ಟುಗಳು, ಒಂದರ ಪಕ್ಕದಲ್ಲಿ ಒಂದು, ಒಂದರ ಮೇಲೆ ಒಂದು, ನಾವು ಈ ಮನೆಗೆ ಬಂದಾಗಿನಿಂದ ಅವಳು ಇಟ್ಟವು. ಅಲ್ಲೇ ನಿಂತು ಅತ್ತೆ. ಯುಗಾದಿಯ ದಿನ ಅತ್ತ ಹಾಗಲ್ಲ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಬರೆಯಲು ಬರುತ್ತಿಲ್ಲ.

“ಮಾಸ್ತರ್ರ, ಹೋದ್ರೇನ್ರಿ?” ಎಂದು ವೀರವ್ವ ಕೂಗಿದಳು.

ಬಂದು ಕುಳಿತೆ. ತಪ್ಪಾಗಿ ಓದಿದ್ದೆ ಅಂದೆ. ಡಾಕ್ಟರಿಗೆ ಚಸ್ಮಾ ಹಾಕಿದೆ. ಹಣೆಯ ಮೇಲೆ ಏರಿಸಿದೆ. ಆಸ್ಪತ್ರೆ ತುಂಬ ಹುಡುಕಿಸಿದೆ.

“ಹಾಂ, ಈಗ ಬರೋಬರಿ ಆತು!” ಅಂದಳು. ಅಡಕತ್ತರಿ ಮತ್ತೆ ಶುರುವಾಯಿತು.

ಮುಂದಿನ ಪುಟದಲ್ಲಿ ನಾಯಕಿ ಬಂದಳು. ಮೋಟು ಕೂದಲು, ಬ್ಯಾಡ್ಮಿಂಟನ್ ಆಡುತ್ತಾಳೆ. ನಾನು ಪುಸ್ತಕ ನೋಡುತ್ತಲೇ ಓದಿದೆ: “ಅವಳು ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಹಚ್ಚಿಕೊಂಡು, ಬೆರಳಿಗೆ ಉಳಿದದ್ದನ್ನು ಕನ್ನಡಿಯ ಪಕ್ಕದ ಗೋಡೆಗೆ ಒರೆಸುತ್ತಿದ್ದಳು. ಅವನು ಬೈಯುತ್ತಿದ್ದ. ಆದರೆ ಒಂದು ದಿನವೂ ಆ ಗೋಡೆಯನ್ನು ಒರೆಸಿದವನಲ್ಲ.”

ಆಚೆ ಅಡಕತ್ತರಿ ಕೆಳಗಿಟ್ಟ ಸದ್ದಾಯಿತು.

“ಇದನ್ನ ಅಕ್ಕಾರು ಯಾವತ್ತೂ ಓದಿರಲಿಲ್ರಿ,” ಅಂದಳು ವೀರವ್ವ.

“ಇದು ಹೊಸಾ ಪುಸ್ತಕ ಅದರೀ ವೀರವ್ವಾರ,” ಅಂದೆ.

ಎರಡು ಅಧ್ಯಾಯ ಮುಗಿಯಿತು. ಇವತ್ತೂ ಎರಡು ಆಯಿತು. ನಾಳೆ ಡಾಕ್ಟರಿಗೆ ವರ್ಗಾವಣೆಯ ಗಂಡಾಂತರವಿದೆ, ಮುಂದೆ ನೋಡಿಲ್ಲ. ಬೆಳಿಗ್ಗೆ ಅಂಚೆಗೆ ಹೋಗಿ ಅಕ್ಕನಿಗೆ ಒಂದು ಕಾರ್ಡು ಹಾಕಬೇಕು. ಸುಣ್ಣ ಹೊಡೆಯುವವರನ್ನು ಕಳಿಸಬೇಡ ಅಂತ.